ಎರಡಕ್ಷರ ಜಾಸ್ತಿ

ನನ್ನನ್ನು ಒಂಬತ್ತು ತಿಂಗಳು ಇಟ್ಟುಕೊಂಡರು. ನನ್ನ ತಮ್ಮ ಕನ್ನಪ್ಪನನ್ನು ಎರಡು ವರ್ಷ ಎಂಟು ತಿಂಗಳು ಇಟ್ಟುಕೊಂಡರು. ಕೋರ್ಟಿಗೆ ಕರೆದೊಯ್ಯಲಿಲ್ಲ. ನೀನು ಇಂಥ ತಪ್ಪು ಮಾಡಿದ್ದೀಯ ಎಂದು ಯಾರೂ ಹೇಳಲಿಲ್ಲ. ಹೊಡೆದರು, ಅದು ವಾಸಿಯಾಯಿತು. ಹೇಳದೇ ಇದ್ದದ್ದು ವಾಸಿಯಾಗಲಿಲ್ಲ.

ಇದೆಲ್ಲ ಆದದ್ದು ಒಂದು ಮಾತಿನಿಂದ. ಆ ಮಾತು ಆಡಿದವಳು ನಾನು. ಅದನ್ನು ಮೊದಲೇ ಹೇಳಿಬಿಡುತ್ತೇನೆ.

ನಮ್ಮ ಕೇರಿ ಸಾಗರ ತಾಲ್ಲೂಕಿನಲ್ಲಿ ಶರಾವತಿಯ ದಂಡೆಗೆ ಇತ್ತು. ಹೊನ್ನೆಮರಡಿನಿಂದ ಅರ್ಧ ದಿನದ ನಡಿಗೆ. ಲಿಂಗನಮಕ್ಕಿಯಲ್ಲಿ ಅಣೆಕಟ್ಟು ಏಳುತ್ತಿತ್ತು. ನೀರು ಬರುತ್ತದೆ, ಊರು ಖಾಲಿ ಮಾಡಿ ಎಂದರು. ಪಟ್ಟೆ ಕಾಗದ ಇದ್ದವರಿಗೆ ಪರಿಹಾರ, ಬೇರೆ ಕಡೆ ಜಮೀನು. ನಮ್ಮ ಹನ್ನೆರಡು ಮನೆಗೆ ಪಟ್ಟೆ ಇರಲಿಲ್ಲ. ಅಳತೆಗೆ ಬಂದವನು ನಕ್ಷೆ ಬಿಚ್ಚಿ ಹುಡುಕಿದ. ನಕ್ಷೆಯಲ್ಲಿ ಕೇರಿಯೇ ಇರಲಿಲ್ಲ. "ಇಲ್ಲದ ಊರು ಮುಳುಗೋದು ಹೆಂಗೆ?" ಎಂದು ನಗುತ್ತಾ ನಕ್ಷೆ ಮಡಚಿದ.

ಕೇರಿಯ ಮೇಲುಗಡೆ ಒಂದು ಬೋಳು ಇಳಿಜಾರು. ಕಲ್ಲುಬ್ಯಾಣ ಎಂದು ಹೆಸರು. ಸರ್ಕಾರದ ಜಾಗ. ನಾವು ಅಲ್ಲಿಗೆ ಹತ್ತಿದೆವು. ಮುಳ್ಳು ಕಡಿದೆವು. ಕಲ್ಲು ಕಿತ್ತೆವು. ಕಲ್ಲುಬ್ಯಾಣದಲ್ಲಿ ಮಣ್ಣು ಕಡಿಮೆ, ಅದಕ್ಕೆ ಹೊಳೆಯ ದಂಡೆಯಿಂದ ಬುಟ್ಟಿಯಲ್ಲಿ ಮಣ್ಣು ಹೊತ್ತೆವು. ಬೆಳಗಾದರೆ ಹೊರುವುದು, ಕತ್ತಲಾದರೆ ನಿಲ್ಲಿಸುವುದು. ನನ್ನ ನೆತ್ತಿಯ ಕೂದಲು ಉದುರಿ ಅಲ್ಲಿ ರೂಪಾಯಿಯಗಲ ಬೋಳಾಯಿತು. ಇವತ್ತಿಗೂ ಅಲ್ಲಿ ಕೂದಲು ಬಂದಿಲ್ಲ. ಗುಂಡಿ ತೋಡಿ ಹೊತ್ತ ಮಣ್ಣು ತುಂಬಿ ಮಳೆ ಇಳಿಯುತ್ತಿದ್ದಂತೆ ಚೀನಿ ಬೀಜ ಹಾಕಿದೆವು.

ಸಿಹಿಗುಂಬಳಕ್ಕೆ ನಮ್ಮ ಕಡೆ ಚೀನಿಕಾಯಿ ಎನ್ನುತ್ತೇವೆ. ಬಾಯಿಮಾತಿಗೆ ಬರೀ ಚೀನಿ. ಬ್ರಾಹ್ಮಣರ ಮನೆಯಲ್ಲೂ ಅದೇ, ದೀವರ ಮನೆಯಲ್ಲೂ ಅದೇ, ನಮ್ಮ ಕೇರಿಯಲ್ಲೂ ಅದೇ. ಈ ಒಂದು ಮಾತಿಗೆ ಮೈಲಿಗೆ ಇರಲಿಲ್ಲ.

ಸಾವಿರದ ಒಂಬೈನೂರ ಅರವತ್ತೆರಡರ ನವೆಂಬರ್. ಬಳ್ಳಿ ತುಂಬ ಕಾಯಿ ಹಿಡಿದಿತ್ತು, ಇನ್ನೂ ಬಲಿತಿರಲಿಲ್ಲ. ಪಟೇಲ ಮುಕುಂದಯ್ಯ ಒಬ್ಬ ಅಧಿಕಾರಿಯನ್ನು ಕರೆದುಕೊಂಡು ಬಂದ. ಮುಕುಂದಯ್ಯನ ತೋಟ ಮುಳುಗಡೆಯ ಗೆರೆಗಿಂತ ಮೇಲೆ, ಕಲ್ಲುಬ್ಯಾಣಕ್ಕೆ ತಾಗಿಕೊಂಡಿತ್ತು. ಅವನಿಗೆ ಕಲ್ಲುಬ್ಯಾಣದ ಮೇಲೆ ಕಣ್ಣಿತ್ತು. ಅಧಿಕಾರಿ ಬಯಲುಸೀಮೆಯವನು. ಬಂದು ತಿಂಗಳಾಗಿರಲಿಲ್ಲ. ಕಾಲಿಗೆ ಹತ್ತಿ ರಕ್ತ ಹೀರುತ್ತಿದ್ದ ಉಂಬಳ ಕೀಳಲು ಬರದೆ ಬಡಿದುಕೊಳ್ಳುತ್ತಿದ್ದ.

"ಯಾರ ಅಪ್ಪಣೆ ಮೇಲೆ ಇಲ್ಲಿ ಕೂತಿದೀರಿ?" ಎಂದು ಕೇಳಿದ.

ಕನ್ನಪ್ಪ ತಲೆಗೆ ಸುತ್ತಿದ್ದ ಪಂಚೆ ಬಿಚ್ಚಿ ಕಂಕುಳಲ್ಲಿಟ್ಟು ನಿಂತಿದ್ದ. ಅವನಿಗೆ ದೊಡ್ಡವರ ಮುಂದೆ ನಾಲಿಗೆ ಏಳುತ್ತಿರಲಿಲ್ಲ. ನಾನು ಹೇಳಿದೆ.

"ಏಳ್ತೀವಿ ಒಡೆಯಾ. ಈಗಲ್ಲ. ಚೀನಿ ಬರೋ ತನಕ ಏಳಲ್ಲ. ಚೀನಿ ಬಂದ ಮೇಲೆ ನೀವೇ ಬನ್ನಿ, ನಿಮ್ಗೂ ಒಂದು ಪಾಲು ಕೊಡ್ತೀವಿ."

ಅಧಿಕಾರಿ ಉಂಬಳ ಬಿಟ್ಟು ತಲೆ ಎತ್ತಿದ. "ಏನಂದ್ಳು ಇವ್ಳು?"

ಮುಕುಂದಯ್ಯ ನನ್ನ ಮುಖ ನೋಡಿದ. ಬಳ್ಳಿ ನೋಡಿದ. ಅವನ ಕಾಲಿನ ಬಳಿಯೇ ಒಂದು ಕಾಯಿ ಇತ್ತು.

"ಹೇಳಿದ್ದನ್ನ ಹೇಳಿದ ಹಂಗೇ ಬರ್ಕೊಳ್ಳಿ ಸ್ವಾಮಿ," ಎಂದ. "ನಾನ್ಯಾಕೆ ಮಧ್ಯೆ ಬಾಯಿ ಹಾಕ್ಲಿ."

ನಾಲ್ಕನೇ ದಿನ ಪೊಲೀಸರು ಬಂದರು. ನನ್ನನ್ನು, ಕನ್ನಪ್ಪನನ್ನು ಹಿಡಿದರು. ಅಡ್ಡ ನಿಂತಳೆಂದು ಪಕ್ಕದ ಗುಡಿಸಲಿನ ಮಾಸ್ತಮ್ಮನನ್ನೂ ಹಿಡಿದರು. ಮಾಸ್ತಮ್ಮ ನನಗಿಂತ ಹತ್ತು ವರ್ಷಕ್ಕೆ ದೊಡ್ಡವಳು. ಯಾರಿಗೂ ಹೆದರಿ ಬಾಯಿ ಮುಚ್ಚುವವಳಲ್ಲ.

"ಯಾಕೆ ಹಿಡೀತೀಯ, ಹೇಳಿ ಹಿಡಿ," ಎಂದಳು.

"ಭಾರತ ರಕ್ಷಣಾ ಕಾನೂನು," ಎಂದ ಪೊಲೀಸಿನವನು.

"ಭಾರತ ಅಂದ್ರೆ ಯಾರು ಮಾರಾಯಾ? ಅವನಿಗೆ ನಾವು ಎಂತ ಮಾಡಿದ್ವಿ?"

ಅವನು ಅವಳ ಕಪಾಳಕ್ಕೆ ಹೊಡೆದ. ಅವಳು ತಮಾಷೆಗೆ ಕೇಳಿರಲಿಲ್ಲ.

ಸಾಗರದಿಂದ ರೈಲಿನಲ್ಲಿ ಕರೆದೊಯ್ದರು. ಬಯಲುಸೀಮೆಯ ಒಂದು ಜೈಲು. ಗಂಡಸರ ಕಡೆಗೆ ಕನ್ನಪ್ಪ, ಹೆಂಗಸರ ಕಡೆಗೆ ನಾವಿಬ್ಬರು. ಗೇಟಿನಲ್ಲಿ ಜಾತಿ ಕೇಳಿ ಬರೆದುಕೊಂಡರು. ಅದೊಂದನ್ನು ಸರಿಯಾಗಿ ಬರೆದುಕೊಂಡರು.

ನಮ್ಮ ಕೋಣೆಯಲ್ಲಿದ್ದವರೆಲ್ಲ ಶಿಕ್ಷೆಯಾದವರು. ಜಲಜಮ್ಮ ಎಂಬವಳು ಗಂಡನ ತಲೆಗೆ ಒನಕೆಯಲ್ಲಿ ಹೊಡೆದು ಬಂದಿದ್ದಳು. ಗೋಡೆಯ ಮೇಲೆ ಇದ್ದಿಲಿನಲ್ಲಿ ಗೀಟು ಎಳೆದು ದಿನ ಲೆಕ್ಕ ಹಾಕುತ್ತಿದ್ದಳು.

"ನಿಮ್ದು ಯಾವಾಗ ಮುಗಿಯಾದು?" ಎಂದು ಕೇಳಿದಳು.

"ಗೊತ್ತಿಲ್ಲ," ಎಂದೆ.

"ಹಂಗಂದ್ರೆ? ಜಡ್ಜು ಇಷ್ಟು ವರ್ಷ ಅಂತ ಹೇಳಿರಬೇಕಲ್ಲ."

"ಜಡ್ಜನ್ನ ನಾವು ನೋಡೇ ಇಲ್ಲ."

"ಎಂತ ಮಾಡಿ ಬಂದ್ರಿ?"

"ಅದನ್ನೂ ಹೇಳಿಲ್ಲ."

ಅವಳು ಇದ್ದಿಲು ಕೆಳಗಿಟ್ಟಳು. "ನಾನು ಕೊಂದು ಬಂದೀನಿ. ನನಗೆ ತಾರೀಖು ಐತೆ," ಎಂದಳು. ತನ್ನ ಪಾಲಿನ ಬೆಲ್ಲದ ಚೂರನ್ನು ಮಾಸ್ತಮ್ಮನ ಕೈಯಲ್ಲಿಟ್ಟಳು.

ಶಿಕ್ಷೆಯಾಗದವರಿಂದ ಕೆಲಸ ಮಾಡಿಸಬಾರದಂತೆ. ಅದೂ ಕಾನೂನಂತೆ. ನಮ್ಮಿಬ್ಬರಿಗೆ ಎರಡನೇ ದಿನವೇ ಪಾಯಿಖಾನೆಯ ಡಬ್ಬ ಹೊರಲು ಹೇಳಿದರು. ನಾನು ಗದ್ದೆ ನೆಟ್ಟವಳು, ಕೊಯ್ದವಳು, ಸೌದೆ ಹೊತ್ತವಳು. ನಮ್ಮ ಕೇರಿಯಲ್ಲಿ ಆ ಕೆಲಸ ಯಾರೂ ಮಾಡಿದ್ದಿಲ್ಲ. ಹಾಗೆಂದು ಹೇಳಿದೆ. ಕಾವಲಿನ ಹೆಂಗಸು ರಿಜಿಸ್ಟರ್ ತೆರೆದು ನಮ್ಮ ಜಾತಿಯ ಮೇಲೆ ಬೆರಳಿಟ್ಟಳು. "ಇದು ನೀವೇ ಹೇಳಿ ಬರೆಸಿದ್ದು ತಾನೆ?" ಎಂದಳು.

ಡಬ್ಬದ ಅಡಿ ತೂತಾಗಿತ್ತು. ಸೋರಿದ್ದು ಹೆಗಲಿನಿಂದ ಬೆನ್ನಿಗೆ ಇಳಿಯುತ್ತಿತ್ತು. ಮೈ ತೊಳೆಯಲು ಇಬ್ಬರಿಗೆ ಒಂದು ಬಕೆಟ್ ನೀರು. ಒಬ್ಬರು ಬೆನ್ನು ತೊಳೆದರೆ ಇನ್ನೊಬ್ಬರಿಗೆ ಕೈ ತೊಳೆಯುವಷ್ಟು ಉಳಿಯುತ್ತಿತ್ತು. ಅದೇ ಕೈಯಲ್ಲಿ ಉಣ್ಣಬೇಕಿತ್ತು. ಮೊದಲ ವಾರ ಮಾಸ್ತಮ್ಮ ಉಣ್ಣಲಿಲ್ಲ. ಎರಡನೇ ವಾರ ಉಂಡಳು. ಒಂಬತ್ತು ತಿಂಗಳು ಹೊತ್ತೆವು.

ಮಾಸ್ತಮ್ಮನ ಗಂಡ ಅಂಜನಪ್ಪ ಊರಲ್ಲಿ ಜ್ವರ ಬಂದು ಸತ್ತ. ಅವಳಿಗೆ ಸುದ್ದಿ ಹೇಳಿದ್ದು ಐದು ತಿಂಗಳ ಮೇಲೆ. ಅಷ್ಟು ದಿನ ಅವಳು ಕುಂಕುಮ ಇಟ್ಟುಕೊಂಡೇ ಡಬ್ಬ ಹೊತ್ತಿದ್ದಳು. ಸುದ್ದಿ ಕೇಳಿ ಅಳಲಿಲ್ಲ. "ಇಷ್ಟು ದಿನ ಯಾರಿಗೆ ಇಟ್ಕೊಂಡ್ನೋ," ಎಂದು ಸೆರಗಿನಿಂದ ಹಣೆ ಒರೆಸಿಕೊಂಡಳು.

ಅರವತ್ತಮೂರರ ಆಗಸ್ಟಿನಲ್ಲಿ ಒಂದು ಬೆಳಗ್ಗೆ ನಮ್ಮಿಬ್ಬರನ್ನು ಗೇಟಿಗೆ ತಂದು ಬಿಟ್ಟರು.

"ಹೋಗಿ," ಎಂದರು.

"ನನ್ನ ತಮ್ಮ?" ಎಂದೆ.

"ಹೆಂಗಸ್ರು ಅಂತ ನಿಮ್ಮನ್ನ ಬಿಟ್ಟಿದಾರೆ. ಅವನ ಆರ್ಡರ್ ಬಂದಿಲ್ಲ."

"ಯಾಕೆ ಹಿಡಿದ್ರಿ, ಯಾಕೆ ಬಿಟ್ರಿ ಅಂತ ಒಂದು ಕಾಗದ ಕೊಡಿ."

"ಬಿಟ್ಟಿದ್ದೇ ದೊಡ್ಡದು. ನಡಿ."

ವಾಪಸು ಬಂದಾಗ ಕಲ್ಲುಬ್ಯಾಣಕ್ಕೆ ಬೇಲಿ ಹಾಕಿತ್ತು. ಒಳಗೆ ಮುಕುಂದಯ್ಯನ ಆಳುಗಳು ಹುಲ್ಲು ಕೊಯ್ಯುತ್ತಿದ್ದರು. ಹನ್ನೆರಡು ಮನೆಯವರು ಚದುರಿ ಹೋಗಿದ್ದರು. ನಾವಿಬ್ಬರು ಹೊಸನಗರಕ್ಕೆ ಹೋಗಿ ರಸ್ತೆಗೆ ಜಲ್ಲಿ ಒಡೆಯುವ ಕೆಲಸಕ್ಕೆ ಸೇರಿದೆವು. ಮೇಸ್ತ್ರಿ ನಮ್ಮನ್ನು ಬೇರೆ ಕೂರಿಸಿದ. "ದೇಶದ್ರೋಹದಲ್ಲಿ ಹೋಗ್ಬಂದವರು ಇವ್ರು," ಎಂದು ಉಳಿದವರಿಗೆ ಹೇಳಿದ. ಹಾಗೆಂದು ನನಗೆ ಮೊದಲು ಹೇಳಿದವನು ಆ ಮೇಸ್ತ್ರಿ. ಸರ್ಕಾರ ಅಷ್ಟನ್ನೂ ಹೇಳಿರಲಿಲ್ಲ.

ಹೊಸನಗರದಲ್ಲಿ ಯಮುನಮ್ಮ ಎಂಬ ಟೀಚರು ದೊಡ್ಡವರಿಗೆ ರಾತ್ರಿ ಶಾಲೆ ನಡೆಸುತ್ತಿದ್ದರು. ನನಗೆ ಆಗ ನಲವತ್ತರ ಹತ್ತಿರ. ಹೋಗಿ ಬಾಗಿಲಲ್ಲಿ ನಿಂತೆ.

"ಎಂತಕ್ಕೆ ಕಲೀತಿ ಹುಲಿಯಮ್ಮ? ಲೆಕ್ಕಕ್ಕಾ?" ಎಂದು ಕೇಳಿದರು.

"ಲೆಕ್ಕಕ್ಕಲ್ಲ ಅಮ್ಮಾ. ನನ್ನ ತಮ್ಮನ್ನ ಯಾಕೆ ಇಟ್ಕೊಂಡಿದಾರೆ ಅಂತ ಎಲ್ಲಾದ್ರೂ ಬರ್ದಿರ್ತಾರೆ. ಅದನ್ನ ನಾನೇ ಓದಬೇಕು. ಇನ್ನೊಬ್ರ ಬಾಯಲ್ಲಿ ಕೇಳಾಕೆ ನನಗೆ ಧೈರ್ಯ ಇಲ್ಲ."

ಯಮುನಮ್ಮ ಸರಿದು ಚಾಪೆಯಲ್ಲಿ ಜಾಗ ಮಾಡಿದರು. ಜಲ್ಲಿ ಒಡೆದು ಒಡೆದು ಬೆರಳು ಮಡಚಲು ಬರುತ್ತಿರಲಿಲ್ಲ. ಬಳಪ ಜಾರಿ ಬೀಳುತ್ತಿತ್ತು. ಆರು ತಿಂಗಳಿಗೆ ಕೂಡಿಸಿ ಓದುವಷ್ಟು ಬಂತು.

ಸಾಗರದಲ್ಲಿ ಸೀತಾರಾಮಪ್ಪ ಎಂಬ ವಕೀಲರು. ಗೇಣಿದಾರರ ಮಗ, ಹೊಸದಾಗಿ ಕರಿ ಕೋಟು ಹಾಕಿದವರು. ಅವರು ನಮ್ಮ ಅರ್ಜಿ ಬರೆದರು. ಈ ಕಾನೂನಿನಲ್ಲಿ ಕೋರ್ಟಿನ ಬಾಗಿಲೇ ಮುಚ್ಚಿದೆ, ಆದರೂ ತಟ್ಟೋಣ ಎಂದರು. ತಟ್ಟಿದರು. ಮೂರನೇ ಅರ್ಜಿಗೆ ಸರ್ಕಾರದಿಂದ ಉತ್ತರ ಬಂತು. ಜೊತೆಗೆ ಆ ಉಂಬಳದ ಅಧಿಕಾರಿ ಕನ್ನಡದಲ್ಲಿ ಬರೆದ ವರದಿಯ ನಕಲು.

ವಕೀಲರು ಅದನ್ನು ಓದಿ ನನ್ನ ಮುಖ ನೋಡಲಿಲ್ಲ. ಕಿಟಕಿ ನೋಡುತ್ತಾ, "ನಿಜ ಹೇಳು ಹುಲಿಯಮ್ಮ. ನೀವು ಇಂಥ ಮಾತು ಆಡಿದ್ರಾ?" ಎಂದರು.

"ಕೊಡಿ ಇಲ್ಲಿ," ಎಂದೆ.

ಒಂದೊಂದೇ ಅಕ್ಷರ ಬೆರಳಿಟ್ಟು ಓದಿದೆ. ಮಾಸ್ತಮ್ಮ ಪಕ್ಕದಲ್ಲಿ ನೆಲದ ಮೇಲೆ ಕೂತಿದ್ದಳು. 'ಸದರಿ ಕನ್ನಪ್ಪ ಎಂಬುವನು, ಚೀನೀಯರು ಬರುವ ತನಕ ಜಾಗ ಬಿಟ್ಟು ಏಳುವುದಿಲ್ಲವೆಂತಲೂ, ಚೀನೀಯರು ಬಂದ ಮೇಲೆ ಸರ್ಕಾರಿ ನೌಕರರಿಗೂ ಪಾಲು ಕೊಡುವುದಾಗಿಯೂ ಬಹಿರಂಗವಾಗಿ ಹೇಳಿರುತ್ತಾನೆ.'

ಮತ್ತೆ ಓದಿದೆ. ಮೂರನೇ ಸಲ ಬೆರಳು ಅಲ್ಲೇ ನಿಂತಿತು.

"ವಕೀಲ್ರೇ, ನಾನು ಚೀನಿ ಅಂದಿದ್ದೆ. ಇಲ್ಲಿ ನಿ-ಗೆ ಒಂದು ದೀರ್ಘ ಕೊಟ್ಟಿದಾರೆ. ಆಮೇಲೆ ಎರಡಕ್ಷರ ಜಾಸ್ತಿ ಐತೆ. ಯರು. ಈ ಯರು ಎಲ್ಲಿಂದ ಬಂತು?"

ವಕೀಲರು ಕಿಟಕಿಯಿಂದ ತಿರುಗಿದರು. "ಬಳ್ಳಿದಾ?" ಎಂದು ಕೇಳಿದರು. "ಕಾಯಿದಾ ನೀನು ಹೇಳಿದ್ದು?"

"ಮತ್ತೆಂತ? ಚೀನೀಯರು ಅಂದ್ರೆ ಯಾರು?"

ಆಗ ಅವರು ಹೇಳಿದರು. ಚೀನಾ ಎಂದು ಒಂದು ದೇಶ. ನಮ್ಮ ಮೇಲೆ ಯುದ್ಧಕ್ಕೆ ಬಂದಿತ್ತು. ನೀನು ಮಾತಾಡಿದ ವಾರವೇ ಗಡಿಯಲ್ಲಿ ಸಾವಿರಾರು ಜನ ಸತ್ತಿದ್ದರು. ಯುದ್ಧ ಎಂದು ಜೈಲಿನಲ್ಲಿ ಕೇಳಿದ್ದೆವು. ಯಾರ ಜೊತೆ ಎಂದು ನಾವು ಕೇಳಿರಲಿಲ್ಲ.

ಮಾಸ್ತಮ್ಮ ನಗಲು ಶುರು ಮಾಡಿದಳು. ಹೊಟ್ಟೆ ಹಿಡಿದುಕೊಂಡು ನಕ್ಕಳು. ಗುಮಾಸ್ತ ಒಳಗಿನಿಂದ ಬಂದು ನೋಡಿದ. ಅವಳು ನಿಲ್ಲಿಸಲಿಲ್ಲ. ಆಮೇಲೆ ಅದು ನಗು ಅಲ್ಲ ಎಂದು ಎಲ್ಲರಿಗೂ ಗೊತ್ತಾಯಿತು.

"ಕಾಯಿಗೆ," ಎಂದಳು. "ಒಂದು ಕಾಯಿಗೆ ನಾನು ಊರವರ ಹೇಲು ಹೊತ್ನಲ್ಲೇ ಹುಲೀ."

ಅಧಿಕಾರಿ ಪರವೂರಿನವನು. ಅವನಿಗೆ ಗೊತ್ತಿರಲಿಲ್ಲ. ನನ್ನ ಸಿಟ್ಟು ಅವನ ಮೇಲಲ್ಲ. ಪಕ್ಕದಲ್ಲಿ ಕಾಯಿ ನೋಡುತ್ತಾ ನಿಂತವನಿಗೆ ಗೊತ್ತಿತ್ತು.

ಅರವತ್ತನಾಲ್ಕರ ಬೇಸಿಗೆಯಲ್ಲಿ ಸಾಗರದಲ್ಲಿ ಜಮಾಬಂದಿ. ವರ್ಷಕ್ಕೊಮ್ಮೆ ಮೇಲಿನ ಅಧಿಕಾರಿ ಬಂದು ತಾಲ್ಲೂಕಿನ ಕಾಗದ ಪತ್ರ ನೋಡಿ ಜನರ ಅರ್ಜಿ ಕೇಳುವ ದಿನ. ಅಂಗಳದಲ್ಲಿ ಚಪ್ಪರ. ಮುನ್ನೂರು ಜನ. ಮುಂದಿನ ಸಾಲಿನ ಕುರ್ಚಿಯಲ್ಲಿ ಪಟೇಲರುಗಳು, ಅವರಲ್ಲಿ ಮುಕುಂದಯ್ಯ. ನಮ್ಮ ಸರದಿ ಬರುವಾಗ ಮಧ್ಯಾಹ್ನ ಕಳೆದಿತ್ತು. ವಕೀಲರು ಅರ್ಜಿ ಓದಿದರು. ನಾನು ಮುಂದೆ ಹೋಗಿ ನಿಂತೆ.

"ಆ ಮಾತು ನನ್ನ ತಮ್ಮ ಆಡಿದ್ದಲ್ಲ ಸ್ವಾಮಿ. ನಾನು ಆಡಿದ್ದು. ಇಡಾದಾದ್ರೆ ನನ್ನ ಇಟ್ಕೊಳ್ಳಿ. ಅವನ್ನ ಬಿಡಿ. ಮಾತು ಎಂತದು ಅಂತ ಪಟೇಲ್ರನ್ನ ಕೇಳಿ. ಅವರ ಕಾಲ ಬುಡದಲ್ಲೇ ಇತ್ತು."

ಅಧಿಕಾರಿ ಕಾಗದ ನೋಡಿ, ಮುಕುಂದಯ್ಯನ ಕಡೆ ನೋಡಿ, "ಈ ಕಡೆ ಸಿಹಿಗುಂಬಳಕ್ಕೆ ಏನಂತೀರಿ ಪಟೇಲ್ರೇ?" ಎಂದ.

ಮುಕುಂದಯ್ಯ ಎದ್ದು ನಿಂತು ಅಂಗವಸ್ತ್ರ ಸರಿ ಮಾಡಿಕೊಂಡ. "ಕುಂಬಳ ಅಂತೀವಿ ಸ್ವಾಮಿ."

ಮಾಸ್ತಮ್ಮ ಜನರ ಕಡೆ ತಿರುಗಿದಳು.

"ನೀವು ಹೇಳಿ. ನೀವೆಲ್ಲ ಮನೇಲಿ ಎಂತ ಅಂತೀರಿ? ನಿನ್ನೆ ಸಂತೇಲಿ ಎಂತ ಅಂತ ಕೂಗಿ ಮಾರಿದ್ರಿ?"

ಮುನ್ನೂರು ಜನ. ಒಬ್ಬೊಬ್ಬರ ಮನೆಯ ಅಟ್ಟದಲ್ಲೂ ಅದು ಇತ್ತು. ಹುಟ್ಟಿದಾಗಿನಿಂದ ಆಡಿದ ಮಾತು. ಒಬ್ಬರೂ ಆಡಲಿಲ್ಲ. ಅವರಲ್ಲಿ ಅರ್ಧ ಜನ ಮುಕುಂದಯ್ಯನ ಗೇಣಿಯವರು, ಇನ್ನರ್ಧ ಜನಕ್ಕೆ ಅವನಿಂದ ಪರಿಹಾರದ ಕಾಗದಕ್ಕೆ ಸಹಿ ಆಗಬೇಕಿತ್ತು. ಕೆಲವರು ನೆಲ ನೋಡಿದರು. ಒಬ್ಬ ಮುದುಕ ಕೆಮ್ಮಿದ.

ಅಧಿಕಾರಿಗೆ ನೀರು ತಂದುಕೊಡುತ್ತಿದ್ದ ಜವಾನ ದುಗ್ಗಪ್ಪ ಲೋಟ ಮೇಜಿನ ಮೇಲಿಟ್ಟ. ಇಟ್ಟವನು ಹಿಂದಕ್ಕೆ ಹೋಗಲಿಲ್ಲ.

"ಚೀನಿಕಾಯಿ ಅಂತೀವಿ ಸ್ವಾಮಿ," ಎಂದ. "ನಿನ್ನೆ ಬಂಗಲೆಯಲ್ಲಿ ತಾವು ಎರಡು ಸಲ ಹಾಕಿಸ್ಕೊಂಡ ಪಲ್ಯ ಅದೇ. ಪಟೇಲ್ರ ಮನೆಯಿಂದಲೇ ಬಂದಿದ್ದು. ಆಳು ತಂದು ಇಳಿಸ್ವಾಗ, ಚೀನಿ ಬಂತು ಎತ್ತಿಟ್ಕೋ ದುಗ್ಗಪ್ಪ ಅಂತಲೇ ಅಂದ."

ಹಿಂದಿನಿಂದ ಯಾರೋ ನಕ್ಕರು. ಆಮೇಲೆ ಬಹಳ ಜನ ನಕ್ಕರು. ನಗುವಷ್ಟು ಧೈರ್ಯ ಅವರಿಗೆ ಬಂತು. ದುಗ್ಗಪ್ಪನಿಗೆ ಆ ತಿಂಗಳೇ ಘಟ್ಟದ ಕೆಳಗೆ ವರ್ಗವಾಯಿತು.

ಅಧಿಕಾರಿ ನಗಲಿಲ್ಲ. ತಪ್ಪಾಯಿತು ಎಂದೂ ಹೇಳಲಿಲ್ಲ. ಪಕ್ಕದವನ ಜೊತೆ ಇಂಗ್ಲಿಷಿನಲ್ಲಿ ಮಾತಾಡಿದ. "ಅವನು ಒಂದು ಮುಚ್ಚಳಿಕೆ ಬರೆದುಕೊಡಲಿ. ಬಿಡುಗಡೆಗೆ ನಾನು ಶಿಫಾರಸು ಮಾಡ್ತೀನಿ," ಎಂದ. ಮುಚ್ಚಳಿಕೆಯನ್ನು ಅಲ್ಲೇ ಟೈಪು ಮಾಡಿಸಿ ಕೊಟ್ಟರು. ಹೆಬ್ಬೆಟ್ಟು ಒತ್ತಿಸಿಕೊಂಡು ಬಂದರೆ ಸಾಕು.

ನಾನೇ ತೆಗೆದುಕೊಂಡು ಹೋದೆ. ಜೈಲಿನಲ್ಲಿ ಕಂಬಿಯ ಆಚೆ ಕನ್ನಪ್ಪನನ್ನು ನಿಲ್ಲಿಸಿದರು. ನಿಲ್ಲಲು ಆಗುತ್ತಿರಲಿಲ್ಲ, ಕಂಬಿ ಹಿಡಿದುಕೊಂಡ. ಕಾಲು ಮೊಣಕಾಲಿನವರೆಗೆ ಬಾತಿತ್ತು. ಮುಂದಿನ ಹಲ್ಲು ನಾಲ್ಕು ಇರಲಿಲ್ಲ. ಅವನಿಗೆ ಆಗ ಮೂವತ್ತೆರಡು.

"ಚೀನಿ ಕಥೆ ವಕೀಲ್ರು ಕಾಗದದಲ್ಲಿ ಬರ್ದಿದ್ರು. ಜೈಲರು ಓದಿ ಹೇಳಿದ," ಎಂದ. "ಅಕ್ಕಾ, ನಾನು ಇಷ್ಟು ದಿನ ಏನಂದ್ಕೊಂಡಿದ್ದೆ ಗೊತ್ತಾ? ನಾನು ನಿದ್ದೆಯಲ್ಲಿ ಯಾರನ್ನಾದ್ರೂ ಕೊಂದಿರ್ಬೇಕು. ಎಲ್ರಿಗೂ ಗೊತ್ತು, ನನಗೆ ಮಾತ್ರ ಗೊತ್ತಿಲ್ಲ ಅಂದ್ಕೊಂಡಿದ್ದೆ."

ಕಾಗದ ಬಿಚ್ಚಿದೆ.

"ಎಂತ ಬರ್ದಿದೆ, ಓದು," ಎಂದ.

ಓದಿದೆ. 'ನಾನು ಸರ್ಕಾರಕ್ಕೆ ವಿಧೇಯನಾಗಿರುತ್ತೇನೆ. ಶತ್ರುಗಳಿಗೆ ಅನುಕೂಲವಾಗುವ ಮಾತನ್ನು ಆಡುವುದಿಲ್ಲ. ಕಲ್ಲುಬ್ಯಾಣದ ಜಾಗದ ತಂಟೆಗೆ ಹೋಗುವುದಿಲ್ಲ.'

"ಅಷ್ಟೇನಾ?"

"ಅಷ್ಟೇ."

ಅಷ್ಟೇ ಆಗಿರಲಿಲ್ಲ. ಕಾಗದದಲ್ಲಿ 'ಇನ್ನು ಮುಂದೆ ಶತ್ರುಗಳಿಗೆ ಅನುಕೂಲವಾಗುವ ಮಾತನ್ನು ಆಡುವುದಿಲ್ಲ' ಎಂದಿತ್ತು. ರೈಲಿನಲ್ಲಿ ಹತ್ತು ಸಲ ಓದಿದ್ದೆ. ಓದುವಾಗ ಆ ಎರಡು ಮಾತನ್ನು ಹಾರಿಸಿದೆ. ಅವನಿಗೆ ಓದಲು ಬರುವುದಿಲ್ಲ. ಹೆಬ್ಬೆಟ್ಟು ಒತ್ತಿದರೆ ವಾರದಲ್ಲಿ ಹೊರಗೆ ಬರುತ್ತಾನೆ. ಕಾಲಿಗೆ ಔಷಧಿ ಹಚ್ಚಬಹುದು. ಉಣ್ಣಲು ಹಾಕಬಹುದು. ಆಡಿದವಳು ನಾನು, ಬಿಡಿಸುವವಳೂ ನಾನೇ ಆಗಬೇಕು.

ಅವನು ಕಂಬಿಯ ಸಂದಿನಿಂದ ಕೈ ಚಾಚಿದ. ಕಾವಲಿನವನು ಮಸಿಯ ಡಬ್ಬಿ ಮುಂದೆ ಹಿಡಿದ. ಬೆರಳು ಮಸಿಗೆ ತಾಗಿತು.

ಅವತ್ತು ಬರೆದವನು ಎರಡಕ್ಷರ ಸೇರಿಸಿದ್ದ. ಇವತ್ತು ಓದುವವಳು ನಾನು ಎರಡು ಮಾತು ಕದಿಯುತ್ತಿದ್ದೆ.

"ತಡಿ," ಎಂದೆ. "ನಾನು ಪೂರ್ತಿ ಓದ್ಲಿಲ್ಲ. ಇನ್ನು ಮುಂದೆ ಅಂತ ಐತೆ. ಇನ್ನು ಮುಂದೆ ಆಡಲ್ಲ ಅಂತ."

ಕನ್ನಪ್ಪ ಬೆರಳು ಎತ್ತಿ ಹಿಡಿದೇ ಯೋಚಿಸಿದ.

"ಅಂದ್ರೆ ಹಿಂದೆ ಆಡಿದೀನಿ ಅಂತ ಆತು."

"ಹೂಂ."

"ಆ ಎರಡು ಮಾತು ಹೊಡೆದು ಹಾಕಕ್ಕೆ ಹೇಳು. ಒತ್ತುತೀನಿ."

"ಕೇಳ್ದೆ. ಆಗಲ್ಲ ಅಂದ್ರು. ಇದೇ ನಮೂನೆ ಅಂತೆ, ಎಲ್ರಿಗೂ." ಕಾಗದವನ್ನು ಕಂಬಿಯ ಹತ್ತಿರ ಹಿಡಿದೆ. "ಒತ್ತು ಕನ್ನಪ್ಪಾ. ನಿನ್ನ ಕಾಲು ನೋಡಕ್ಕೆ ಆಗ್ತಿಲ್ಲ ನನಗೆ."

"ಕಾಲು ಹೆಂಗೂ ಹೋತು ಅಕ್ಕಾ," ಎಂದ. ಸಿಟ್ಟು ಇರಲಿಲ್ಲ. ದೊಡ್ಡವರ ಮುಂದೆ ನಾಲಿಗೆ ಏಳದವನು ಕಾವಲಿನವನ ಕಡೆ ತಿರುಗಿ ಹೇಳಿದ: "ನಾನು ಒತ್ತಲ್ಲ. ಬರ್ಕೋ. ಹೇಳಿದ್ದನ್ನ ಹೇಳಿದ ಹಂಗೇ ಬರ್ಕೋ."

ಮಸಿಯ ಬೆರಳನ್ನು ಗೋಡೆಗೆ ಒರೆಸಿದ. ಅದಕ್ಕೂ ಹೊಡೆದರಂತೆ, ನಾನು ಹೋದ ಮೇಲೆ.

ಹದಿಮೂರು ತಿಂಗಳು ಜಾಸ್ತಿ ಇಟ್ಟುಕೊಂಡರು. ಆ ಮಳೆಗಾಲದಲ್ಲಿ ನೀರು ಏರಿ ಕೇರಿ ಮುಳುಗಿತು.

ನಾವು ಸುಮ್ಮನೆ ಕೂರಲಿಲ್ಲ. ಜೈಲಿನಲ್ಲಿ ನಮ್ಮ ಹಾಗೆಯೇ ತಾರೀಖಿಲ್ಲದವರು ಬಹಳ ಜನ ಇದ್ದಾರೆ ಎಂದು ಕನ್ನಪ್ಪ ಹೇಳಿದ್ದ, ಕೆಲವರ ಊರನ್ನೂ ಹೇಳಿದ್ದ. ಅವರ ಮನೆಗಳನ್ನು ಹುಡುಕಿ ಹೋದೆವು. ಸಾಗರ, ಹೊಸನಗರ, ತೀರ್ಥಹಳ್ಳಿ. ವಾರದಲ್ಲಿ ನಾಲ್ಕು ದಿನ ಜಲ್ಲಿ, ಮೂರು ದಿನ ನಡಿಗೆ. ನಮ್ಮ ಅರ್ಜಿಯಲ್ಲಿ ಇ‌ದ್ದದ್ದು ಒಂದೇ ಬೇಡಿಕೆ. ಕೋರ್ಟಿಗೆ ನಿಲ್ಲಿಸಿ, ಇಲ್ಲವೇ ಬಿಡಿ. ಮಾಸ್ತಮ್ಮ ಅದನ್ನು ಇನ್ನೂ ಸಣ್ಣದು ಮಾಡಿದ್ದಳು: "ತಾರೀಖು ಕೊಡಿ ಅಂತ ಕೇಳಾದು, ಅಷ್ಟೇ."

ಕವಲೇದುರ್ಗದ ಕೆಳಗಿನ ಒಂದು ಮನೆಯಲ್ಲಿ ಹೆಂಡತಿ ಬಾಗಿಲು ಹಾಕಿಕೊಂಡಳು. ಗಂಡನ ಹೆಸರು ನೀವು ಬರೆದರೆ ನನ್ನನ್ನೂ ಹಿಡಿಯುತ್ತಾರೆ ಎಂದು ಒಳಗಿನಿಂದ ಹೇಳಿದಳು. ನಾವು ಜಗುಲಿಯ ಕೆಳಗೆ ಸಂಜೆಯವರೆಗೆ ಕೂತೆವು. ಅವಳು ಬಾಗಿಲು ತೆಗೆಯಲಿಲ್ಲ. ಅವಳದು ತಪ್ಪೆಂದು ನಾನು ಹೇಳುವುದಿಲ್ಲ.

ಅರಳಸುರಳಿಯಲ್ಲಿ ಕೆರಿಯಮ್ಮ ಎಂಬವಳ ಮಗ ಮಂಜುನಾಥಪ್ಪ ಗೇಣಿ ಜಗಳದಲ್ಲಿ ಒಳಗೆ ಹೋಗಿದ್ದ. ಅದೇ ಕಾನೂನು. ಕೆರಿಯಮ್ಮ ಅಳುತ್ತಾ ಎಲ್ಲ ಹೇಳಿದಳು. ಬಾಯಾರಿಕೆಗೆ ನೀರು ಕೇಳಿದಾಗ ತಂಬಿಗೆ ಎತ್ತಿ ಹಿಡಿದು ಮೇಲಿನಿಂದ ನಮ್ಮ ಬೊಗಸೆಗೆ ಹೊಯ್ದಳು. ಮಾಸ್ತಮ್ಮ ಬೊಗಸೆ ತೆಗೆದಳು. ನೀರು ನೆಲಕ್ಕೆ ಬಿತ್ತು.

"ಅಲ್ಲಿ ನಿನ್ನ ಮಗ ನಮ್ಮ ಕನ್ನಪ್ಪನ ತಟ್ಟೇಲಿ ಉಣ್ತಾ ಇದಾನೆ ಅಮ್ಮಾ. ಇರೋ ತಟ್ಟೆ ಒಂದೇ," ಎಂದಳು. "ಅವನು ವಾಪಸ್ ಬಂದ್ರೆ ಅವನಿಗೂ ಹಿಂಗೇ ಹೊಯ್ತೀಯಾ?"

ಕೆರಿಯಮ್ಮ ತಂಬಿಗೆ ಹಿಡಿದು ನಿಂತಳು. ಒಳಗೆ ಹೋದಳು. ಬರುವುದಿಲ್ಲ ಎಂದುಕೊಂಡು ನಾವು ಎದ್ದೆವು. ಅವಳು ಒಂದು ಲೋಟ ತಂದು ಜಗುಲಿಯ ಅಂಚಿನಲ್ಲಿಟ್ಟಳು. ಕೈಗೆ ಕೊಡಲಿಲ್ಲ. ಅರ್ಜಿಗೆ ಹೆಬ್ಬೆಟ್ಟು ಒತ್ತಿದಳು. ತೀರ್ಥಹಳ್ಳಿಯ ಜಮಾಬಂದಿಗೆ ಬಂದು ನಮ್ಮಿಂದ ಒಂದು ಮಾರು ದೂರ ನಿಂತಳು. ಹೊಸನಗರದಲ್ಲಿ ನಿಲ್ಲುವಾಗ ಆ ದೂರ ಒಂದು ಮೊಳ ಆಗಿತ್ತು. ಹತ್ತೊಂಬತ್ತು ಹೆಬ್ಬೆಟ್ಟು, ಒಂದು ಸಹಿ. ಸಹಿ ನನ್ನದು. ಅರ್ಜಿ ಇಸಿದುಕೊಂಡರು. ಉತ್ತರ ಕೊಡಲಿಲ್ಲ. ಮತ್ತೆ ಬರೆದೆವು.

ಅರವತ್ತೈದರ ಜುಲೈನಲ್ಲಿ ಕನ್ನಪ್ಪನ ಬಿಡುಗಡೆಯ ತಂತಿ ಬಂತು. ಮುಚ್ಚಳಿಕೆಯ ಮಾತಿರಲಿಲ್ಲ. ಕಾರಣವೂ ಇರಲಿಲ್ಲ. ನಾನು, ಮಾಸ್ತಮ್ಮ, ಕೆರಿಯಮ್ಮ ಮೂವರೂ ಹೋಗಿ ಜೈಲಿನ ಗೇಟಿನ ಹೊರಗೆ ನಿಂತೆವು. ಹನ್ನೊಂದು ಗಂಟೆಗೆ ಸಣ್ಣ ಬಾಗಿಲು ತೆರೆಯಿತು. ಕನ್ನಪ್ಪ ಕೋಲು ಊರಿಕೊಂಡು ಬಾಗಿಲವರೆಗೆ ಬಂದ. ಹೊಸ್ತಿಲು ದಾಟಲಿಲ್ಲ. ಅಲ್ಲೇ ಕೂತ.

"ಏಳೋ, ಬಿಡುಗಡೆ ಆಗಿದೆ," ಎಂದ ಕಾವಲಿನವನು.

"ಯಾಕೆ ಹಿಡಿದ್ರಿ ಅಂತ ಒಂದು ಕಾಗದ ಕೊಡಿ. ಹೋಗ್ತೀನಿ."

"ತಲೆ ಕೆಟ್ಟಿದ್ಯಾ? ಹೊರಗೆ ಹೋಗೋ ಅಂದ್ರೆ ಆಗಲ್ಲ ಅನ್ನೋನ್ನ ಇವತ್ತೇ ನೋಡಿದ್ದು."

"ತಪ್ಪು ಮಾಡಿದೀನಿ ಅಂತಾದ್ರೂ ಬರ್ಕೊಡಿ. ಮಾಡಿಲ್ಲ ಅಂತಾದ್ರೂ ಬರ್ಕೊಡಿ. ಯಾವುದಾದ್ರೂ ಆದೀತು."

ಜೈಲರು ಬಂದ. ಬೈದ. ಆಮೇಲೆ ಗಡಿಯಾರ ನೋಡಿ ಸನ್ನೆ ಮಾಡಿದ. ಇಬ್ಬರು ಅವನ ತೋಳು ಹಿಡಿದು ಎಳೆದರು. ಬಾತ ಕಾಲು ಹೊಸ್ತಿಲಿಗೆ ಉಜ್ಜಿ ಚರ್ಮ ಕಿತ್ತಿತು. ಒಳಗೆ ಎಳೆದುಕೊಂಡು ಹೋದ ಹಾಗೆಯೇ ಹೊರಗೂ ಎಳೆದು ತಂದು ರಸ್ತೆಯ ಮೇಲೆ ಬಿಟ್ಟರು. ಬಾಗಿಲು ಹಾಕಿಕೊಂಡರು.

ಕೆರಿಯಮ್ಮ ಓಡಿ ಹೋಗಿ ಅವನ ತಲೆ ಎತ್ತಿ ತನ್ನ ತೊಡೆಯ ಮೇಲಿಟ್ಟುಕೊಂಡಳು. "ನನ್ನ ಮಗ ಹೆಂಗಿದಾನೆ ಮಗಾ?" ಎಂದು ಕೇಳಿದಳು.

"ಇದಾನೆ. ಕೆಮ್ಮು ಜಾಸ್ತಿ," ಎಂದ ಕನ್ನಪ್ಪ. ಆಮೇಲೆ ನನ್ನ ಕಡೆ ತಿರುಗಿದ. "ಅಕ್ಕಾ, ಪೆನ್ಸಿಲ್ ತಂದಿದೀಯಾ? ಮರೆಯಕ್ಕೆ ಮುಂಚೆ ಬರ್ಕೋ."

ಒಳಗಿದ್ದವರ ಹೆಸರು, ಊರು, ಹಿಡಿದ ತಿಂಗಳು, ಎಲ್ಲವನ್ನೂ ಅವನು ಬಾಯಿಪಾಠ ಮಾಡಿದ್ದ. ದಿನಾ ಬೆಳಗ್ಗೆ ಹೇಳಿಕೊಳ್ಳುತ್ತಿದ್ದನಂತೆ. ರಸ್ತೆಯ ಮೇಲೆ ಮಲಗಿಯೇ ಹೇಳಿದ. ನಾನು ಪಕ್ಕದಲ್ಲಿ ಕೂತು ಬರೆದೆ. ಬಸ್ಸೊಂದು ಹಾರ್ನ್ ಮಾಡಿ ನಮ್ಮನ್ನು ಸುತ್ತಿಕೊಂಡು ಹೋಯಿತು. ಮಂಜುನಾಥಪ್ಪ, ಅರಳಸುರಳಿ. ಹತ್ತು ಹೆಸರಾಯಿತು. ಹನ್ನೊಂದನೆಯದಕ್ಕೆ ಅವನು ತಡೆದ.

"ಇವನ ಹೆಸರು ಗೊತ್ತಿಲ್ಲ. ಊರೂ ಗೊತ್ತಿಲ್ಲ. ಮೂಗ. ತೀರ್ಥಹಳ್ಳಿ ಕಡೆಯವನು ಅಂತ ಕಾಣುತ್ತೆ, ತುಂಗೆ ಹೊಳೆ ಇದ್ದ ಹಂಗೆ ಕೈ ಮಾಡ್ತಾನೆ. ಮೂರು ವರ್ಷ ಆಗ್ತಾ ಬಂತು."

"ಮೂಗನ್ನ ಯಾಕೆ ಹಿಡಿದ್ರು? ಅವನು ಎಂತ ಅಂದ?" ಎಂದು ಮಾಸ್ತಮ್ಮ ಕೇಳಿದಳು.

"ಅವನು ಏನೂ ಅನ್ಲಿಲ್ಲ. ಸೇತುವೆ ಮೇಲೆ ಕೂತಿದ್ನಂತೆ. ಯಾರು ನೀನು ಅಂತ ಪೊಲೀಸ್ರು ಕೇಳಿದ್ರಂತೆ. ಉತ್ತರ ಕೊಡ್ಲಿಲ್ಲ ಅಂತ ಹಿಡಿದ್ರಂತೆ."

ಮಾಸ್ತಮ್ಮ ಸೊಂಟ ಹಿಡಿದುಕೊಂಡು ಎದ್ದಳು. ಸೀರೆಯ ಧೂಳು ಕೊಡವಿದಳು.

"ಅವನ ಅಮ್ಮ ಯಾರು ಅಂತ ಹುಡುಕಬೇಕಲ್ಲ," ಎಂದಳು. "ಕನ್ನಪ್ಪಾ, ಹೊಳೆ ಅಂತ ಅವನು ಕೈ ಹೆಂಗೆ ಮಾಡ್ತಾನೆ, ಒಂದು ಸಲ ಮಾಡಿ ತೋರ್ಸು. ನಾವು ಹೋದ ಕಡೆ ಕೇಳ್ವಾಗ ಬೇಕಾಗುತ್ತೆ."

ಕನ್ನಪ್ಪ ಮಲಗಿದಲ್ಲಿಂದಲೇ ಬಲಗೈ ಎತ್ತಿ ಮಾಡಿ ತೋರಿಸಿದ. ನಾವು ಮೂವರೂ ಹಾಗೆಯೇ ಮಾಡಿದೆವು.